ಕಂಪನಿ ಆ ದೇಶದಲ್ಲಿ, ಕುರ್ಚಿ ಈ ದೇಶದಲ್ಲಿ: ತೆರಿಗೆ ಎಲ್ಲಿ ಕಟ್ಟಬೇಕು?

ತಿಂಗಳ ಕೊನೆಗೆ ಸಂಬಳ ಬಂದ ಮೆಸೇಜು ನೋಡುತ್ತೀರಿ. ಒಪ್ಪಂದದಲ್ಲಿ ಎಷ್ಟು ಬರೆದಿತ್ತೋ ಅಷ್ಟೂ ಬಂದಿದೆ. ಏನೂ ಕಡಿತವಾಗಿಲ್ಲ. ಮೊದಲ ಸಲ ವಿದೇಶಿ ಕಂಪನಿಗೆ ಮನೆಯಿಂದ ಕೆಲಸ ಮಾಡುವವರಿಗೆ ಇದು ಖುಷಿಯ ಗಳಿಗೆ. ಆದರೆ ಹಾಗೆ ಪೂರ್ತಿಯಾಗಿ ಬಂದ ಹಣದಲ್ಲಿ ಒಂದು ಪಾಲು ನಿಮ್ಮದಲ್ಲ. ಇಷ್ಟು ದಿನ ಅದನ್ನು ತೆಗೆದು ಸರ್ಕಾರಕ್ಕೆ ಕಟ್ಟುವ ಕೆಲಸವನ್ನು ಕಂಪನಿಯ ಅಕೌಂಟ್ಸ್ ವಿಭಾಗ ಮಾಡುತ್ತಿತ್ತು. ಈಗ ಅದು ನಿಮ್ಮ ಹೆಗಲಿಗೆ ಬಂದಿದೆ, ಯಾರೂ ಹೇಳದೆ ಕೇಳದೆ.

ನನಗೆ ಇದು ಅರ್ಥವಾಗಿದ್ದು ಒಂದು ವರ್ಷ ತಡವಾಗಿ. "ಕಂಪನಿ ಇರೋದು ಅಲ್ಲಿ, ತೆರಿಗೆಯೂ ಅಲ್ಲಿಯದೇ, ನಮಗೇನೂ ಇಲ್ಲ" ಎಂದು ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಹೇಳಿದ್ದನ್ನು ನಂಬಿದ್ದೆ. ಕೊನೆಗೆ ಆ ವರ್ಷದ ತೆರಿಗೆಯ ಜೊತೆ ಬಡ್ಡಿಯನ್ನೂ ಕಟ್ಟಬೇಕಾಯಿತು. ಅವರು ಸುಳ್ಳು ಹೇಳಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ ಅಷ್ಟೇ. ಇದೇ ಮಾತನ್ನು ಆಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದೆನೆಂದರೆ, ಬಿಡಿಸಿ ಬರೆಯಲೇಬೇಕು ಅನ್ನಿಸಿತು.

ಮೊದಲು ಮುಖ್ಯ ವಿಷಯ. ಸಂಬಳದ ತೆರಿಗೆ ಹಣ ಬರುವ ದಾರಿಯನ್ನು ನೋಡುವುದಿಲ್ಲ. ಕೆಲಸ ಮಾಡುವಾಗ ನಿಮ್ಮ ದೇಹ ಎಲ್ಲಿತ್ತು ಅನ್ನುವುದನ್ನು ನೋಡುತ್ತದೆ. ಕಂಪನಿ ಯಾವ ದೇಶದಲ್ಲಿ ನೋಂದಣಿಯಾಗಿದೆ, ಸರ್ವರ್ ಎಲ್ಲಿದೆ, ಗ್ರಾಹಕರು ಎಲ್ಲಿದ್ದಾರೆ, ಹಣ ಯಾವ ಬ್ಯಾಂಕಿನಿಂದ ಬಂತು, ಇದೆಲ್ಲ ಆಮೇಲಿನ ಮಾತು. ನೀವು ಮನೆಯಲ್ಲಿ ಕೂತು ಕೀಬೋರ್ಡ್ ಒತ್ತಿದರೆ, ಕೆಲಸ ನಡೆದದ್ದು ಆ ಮನೆ ಇರುವ ದೇಶದಲ್ಲಿ.

ಈ ತತ್ವಕ್ಕೆ ನೂರು ವರ್ಷದ ಇತಿಹಾಸವಿದೆ. ಮೊದಲ ಮಹಾಯುದ್ಧದ ನಂತರ ದೇಶಗಳು ತೆರಿಗೆ ದರವನ್ನು ತುಂಬಾ ಏರಿಸಿದ್ದವು. ಒಂದೇ ಆದಾಯಕ್ಕೆ ಎರಡು ದೇಶಗಳು ಕೈಚಾಚುವುದು ದೊಡ್ಡ ತಲೆನೋವಾಗಿತ್ತು. ಲೀಗ್ ಆಫ್ ನೇಷನ್ಸ್ ನಾಲ್ವರು ಅರ್ಥಶಾಸ್ತ್ರಜ್ಞರಿಂದ ಒಂದು ವರದಿ ಬರೆಸಿತು. 1923ರಲ್ಲಿ ಬಂದ ಆ ವರದಿ ಕೇಳಿದ ಪ್ರಶ್ನೆ ಇದು: ಆದಾಯ ಹುಟ್ಟಿದ ದೇಶಕ್ಕೆ ಎಷ್ಟು ಹಕ್ಕು, ಅದನ್ನು ಗಳಿಸಿದವರು ವಾಸವಿರುವ ದೇಶಕ್ಕೆ ಎಷ್ಟು ಹಕ್ಕು? ಇವತ್ತಿನ ತೆರಿಗೆ ಒಪ್ಪಂದಗಳೆಲ್ಲ ಈ ಎರಡು ಹಕ್ಕುಗಳ ನಡುವಿನ ಹಂಚಿಕೆಯೇ. ಈಗ ಹೆಚ್ಚಿನ ದೇಶಗಳು ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಹಕಾರ ಸಂಘಟನೆ) ಅಥವಾ ವಿಶ್ವಸಂಸ್ಥೆಯ ಮಾದರಿಯನ್ನು ಮುಂದಿಟ್ಟುಕೊಂಡು ಒಪ್ಪಂದ ಮಾಡಿಕೊಳ್ಳುತ್ತವೆ. ಒಇಸಿಡಿ ಮಾದರಿಯ 15ನೇ ವಿಧಿ ಸಂಬಳದ ಬಗ್ಗೆ. ವಾಸವಿರುವ ದೇಶದಲ್ಲೇ ಕೂತು ಕೆಲಸ ಮಾಡಿದರೆ, ಸಂಬಳದ ಮೇಲಿನ ತೆರಿಗೆ ಆ ದೇಶಕ್ಕೆ ಮಾತ್ರ ಎನ್ನುತ್ತದೆ ಅದು.

ಮನೆಯಿಂದ ಕೆಲಸ ಮಾಡುವವರಿಗೆ ಇದು ಒಳ್ಳೆಯ ಸುದ್ದಿ, ಅಲ್ವಾ? ನೀವಿರುವ ದೇಶವೂ ಕೆಲಸ ನಡೆಯುವ ದೇಶವೂ ಒಂದೇ. ಹಾಗಾಗಿ ಸಾಮಾನ್ಯವಾಗಿ ತೆರಿಗೆ ಕೇಳುವ ಹಕ್ಕೂ ಒಂದೇ ದೇಶದ್ದು. ಕಂಪನಿ ಇರುವ ದೇಶಕ್ಕೆ ನಿಮ್ಮ ಸಂಬಳದಲ್ಲಿ ಪಾಲಿಲ್ಲ.

ಅಮೆರಿಕದ ಉದಾಹರಣೆ ನೋಡಿ. ಅಲ್ಲಿನ ಕಾನೂನಿನಲ್ಲಿ ಸೇವೆಯ ಆದಾಯ ಎಲ್ಲಿ ಹುಟ್ಟಿತು ಎಂದು ತೀರ್ಮಾನಿಸುವುದು ಸೇವೆ ನಡೆದ ಜಾಗವನ್ನು ನೋಡಿ. ಅಮೆರಿಕದ ಪ್ರಜೆಯೂ ಅಲ್ಲದ, ನಿವಾಸಿಯೂ ಅಲ್ಲದ ಒಬ್ಬರು ತಮ್ಮ ದೇಶದಲ್ಲೇ ಕೂತು ಅಮೆರಿಕದ ಕಂಪನಿಗೆ ಪೂರ್ತಿ ಕೆಲಸ ಮಾಡಿದರೆ, ಅದು ಅಮೆರಿಕದಲ್ಲಿ ಹುಟ್ಟಿದ ಆದಾಯವೇ ಅಲ್ಲ. ಅದಕ್ಕೇ ಸ್ವತಂತ್ರವಾಗಿ ಕೆಲಸ ಮಾಡುವವರಿಂದ ಅಲ್ಲಿನ ಕಂಪನಿಗಳು ಡಬ್ಲ್ಯೂ-8ಬೆನ್ ಎಂಬ ಫಾರಂ ತುಂಬಿಸಿಕೊಳ್ಳುತ್ತವೆ. ನಾನು ಅಮೆರಿಕದವನಲ್ಲ, ಇಂತಹ ದೇಶದ ನಿವಾಸಿ ಎಂದು ಅದರಲ್ಲಿ ಬರೆದು ಸಹಿ ಹಾಕುವುದು. ಸಾಮಾನ್ಯವಾಗಿ ಇದು ಸಹಿ ಹಾಕಿದ ವರ್ಷದ ನಂತರ ಮೂರನೇ ವರ್ಷದ ಕೊನೆಯವರೆಗೆ ನಡೆಯುತ್ತದೆ. ಈ ಫಾರಂ ನೋಡಿ ಎಷ್ಟೋ ಜನ "ಅಮೆರಿಕದ ತೆರಿಗೆ ಕೆಲಸ ಮುಗಿಯಿತು, ಇನ್ನು ಎಲ್ಲೂ ಕಟ್ಟಬೇಕಿಲ್ಲ" ಅಂದುಕೊಳ್ಳುತ್ತಾರೆ. ಅದು ಹೇಳುವುದು ಅದಲ್ಲ. ಅಲ್ಲಿ ಕಡಿತ ಮಾಡಬೇಡಿ, ನಾನು ಬೇರೆ ದೇಶದವನು ಅನ್ನುವುದಷ್ಟೇ. ಆ ಬೇರೆ ದೇಶಕ್ಕೆ ಕಟ್ಟುವುದು ಹಾಗೇ ಉಳಿದಿರುತ್ತದೆ.

ಹೊರದೇಶದ ಆದಾಯಕ್ಕೆ ತೆರಿಗೆಯನ್ನೇ ಹಾಕದ ಜಾಗಗಳೂ ಇವೆ. ಹಾಂಗ್‌ಕಾಂಗ್, ಸಿಂಗಾಪುರದ ಪದ್ಧತಿ ಹೆಚ್ಚುಕಡಿಮೆ ಹೀಗೇ. "ನನ್ನ ಸಂಬಳ ವಿದೇಶದಿಂದ ಬರುತ್ತದೆ, ಹಾಗಾದರೆ ತೆರಿಗೆ ಇಲ್ಲ" ಎಂದು ಅಲ್ಲಿ ಇರುವವರಿಗೂ ಅನ್ನಿಸಬಹುದು. ಆದರೆ ಸಿಂಗಾಪುರದಲ್ಲಿ ಕೂತು ಮಾಡಿದ ಉದ್ಯೋಗದ ಆದಾಯವನ್ನು ಅಲ್ಲಿನ ಕಾನೂನು ಸಿಂಗಾಪುರದಲ್ಲೇ ಹುಟ್ಟಿದ್ದು ಎಂದು ನೋಡುತ್ತದೆ, ಹಣ ಎಲ್ಲಿಂದಲಾದರೂ ಬರಲಿ. ಮತ್ತೆ ಅದೇ ಕುರ್ಚಿಯ ಪ್ರಶ್ನೆ.

ಇದಕ್ಕೆ ದೊಡ್ಡ ಹೊರತು ಎಂದರೆ ಪೌರತ್ವ. ಅಮೆರಿಕ ತನ್ನ ಪ್ರಜೆಗಳು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ರಿಟರ್ನ್ಸ್ ಕೇಳುತ್ತದೆ. ಎರಿಟ್ರಿಯಾ ಕೂಡ ಹೊರಗಿರುವ ತನ್ನವರಿಂದ ಶೇ 2ರಷ್ಟು ತೆರಿಗೆ ಕೇಳುತ್ತದೆ. ಅಮೆರಿಕದ ಪಾಸ್‌ಪೋರ್ಟ್ ಇರುವವರು, ಗ್ರೀನ್ ಕಾರ್ಡ್ ಇರುವವರು ಈ ಲೇಖನದ ಸರಳ ಲೆಕ್ಕಕ್ಕೆ ಸಿಗುವುದಿಲ್ಲ. ಅವರಿಗೆ ಎರಡು ಕಡೆಯ ಕಾನೂನೂ ಗೊತ್ತಿರುವ ಆಡಿಟರ್ ಬೇಕೇ ಬೇಕು.

183 ದಿನದ ತಪ್ಪು ಕಲ್ಪನೆ

ಈ ವಿಷಯದಲ್ಲಿ ಜಾಸ್ತಿ ಕೇಳಿಬರುವ ಸಂಖ್ಯೆ 183. "ವರ್ಷದಲ್ಲಿ 183 ದಿನ ದಾಟದಿದ್ದರೆ ತೆರಿಗೆ ಇಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಇದರಷ್ಟು ಜನರನ್ನು ಇಕ್ಕಟ್ಟಿಗೆ ತಳ್ಳುವ ಅರೆಸತ್ಯ ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದಾಗಿ, 183 ಅನ್ನುವುದು ಎರಡು ಬೇರೆ ಬೇರೆ ನಿಯಮಗಳಲ್ಲಿ ಬರುತ್ತದೆ. ಒಂದು, ಒಂದೊಂದು ದೇಶವೂ ತನ್ನ ನಿವಾಸಿ ಯಾರು ಎಂದು ಹೇಳುವ ನಿಯಮ. ಇನ್ನೊಂದು, ತೆರಿಗೆ ಒಪ್ಪಂದದೊಳಗಿನ ವಿನಾಯಿತಿ. ಜನ ಎರಡನ್ನೂ ಕಲಸಿಬಿಡುತ್ತಾರೆ.

ನಿವಾಸಿ ಯಾರು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಮುಖ್ಯ ಲೆಕ್ಕ 182 ದಿನ, ಅದರ ಜೊತೆಗೆ ಹಿಂದಿನ ವರ್ಷಗಳ ದಿನಗಳನ್ನು ಸೇರಿಸಿ ನೋಡುವ ಇನ್ನೊಂದು ಲೆಕ್ಕವೂ ಇದೆ. ಜರ್ಮನಿಯಲ್ಲಿ ನಿಮ್ಮ ಬಳಕೆಗೆ ಒಂದು ಮನೆ ಇದ್ದರೆ ಸಾಕು, ದಿನ ಎಣಿಸದೆಯೇ ನಿವಾಸಿ ಎನ್ನಬಹುದು. ಬ್ರಿಟನ್ 2013ರಿಂದ ಒಂದು ವಿವರವಾದ ಪರೀಕ್ಷೆ ಇಟ್ಟುಕೊಂಡಿದೆ. ಅಲ್ಲಿ ಮನೆ, ಸಂಸಾರ, ಕೆಲಸ, ಹಿಂದಿನ ವರ್ಷಗಳ ವಾಸ ಎಲ್ಲವನ್ನೂ ತೂಗುತ್ತಾರೆ. ಅಲ್ಲಿಂದ ಈಚೆಗೆ ಹೊರಟವರಿಗೆ ಇಂತಹ ನಂಟು ಜಾಸ್ತಿ ಉಳಿದಿದ್ದರೆ, 183ಕ್ಕಿಂತ ಎಷ್ಟೋ ಕಡಿಮೆ ದಿನ ಇದ್ದರೂ ನಿವಾಸಿ ಆಗಿಬಿಡಬಹುದು. ಎರಡು ದೇಶಗಳೂ "ನಮ್ಮ ನಿವಾಸಿ" ಎಂದು ಹಿಡಿದರೆ ಒಪ್ಪಂದದ 4ನೇ ವಿಧಿ ಬರುತ್ತದೆ. ಖಾಯಂ ಮನೆ ಎಲ್ಲಿದೆ, ಬದುಕಿನ ನಂಟು ಎಲ್ಲಿ ಹೆಚ್ಚು, ಸಾಮಾನ್ಯವಾಗಿ ಎಲ್ಲಿರುತ್ತೀರಿ, ಯಾವ ದೇಶದ ಪ್ರಜೆ ಎಂದು ಒಂದಾದ ಮೇಲೆ ಒಂದು ಪ್ರಶ್ನೆ ಕೇಳಿ ಒಂದು ದೇಶವನ್ನು ಆರಿಸುತ್ತಾರೆ.

ಒಪ್ಪಂದದ ವಿನಾಯಿತಿಯ ಕಥೆಯೇ ಬೇರೆ. ನೀವು ಇನ್ನೊಂದು ದೇಶಕ್ಕೆ ಹೋಗಿ ಅಲ್ಲಿ ಸ್ವಲ್ಪ ದಿನ ಕೆಲಸ ಮಾಡಿದರೆ, ಆ ದೇಶ ಆ ದಿನಗಳ ಸಂಬಳಕ್ಕೆ ತೆರಿಗೆ ಕೇಳಬಹುದು. ಕೇಳದಿರಬೇಕಾದರೆ ಮೂರು ಷರತ್ತು ಒಟ್ಟಿಗೆ ಸರಿಹೋಗಬೇಕು. ನೀವು ಅಲ್ಲಿ 12 ತಿಂಗಳಲ್ಲಿ 183 ದಿನ ದಾಟಬಾರದು. ನಿಮಗೆ ಸಂಬಳ ಕೊಡುವ ಕಂಪನಿ ಆ ದೇಶದ್ದಾಗಿರಬಾರದು. ಆ ದೇಶದಲ್ಲಿ ಕಂಪನಿಗೆ ಇರುವ ಖಾಯಂ ನೆಲೆಯ (ಶಾಖೆ, ಕಚೇರಿಯಂತಹ ವ್ಯಾಪಾರದ ಜಾಗ) ಲೆಕ್ಕಕ್ಕೆ ನಿಮ್ಮ ಸಂಬಳ ಬೀಳಬಾರದು.

ಎರಡನೇ ಷರತ್ತನ್ನು ಇನ್ನೊಮ್ಮೆ ಓದಿ. ವಿದೇಶಿ ಕಂಪನಿಗೆ ಮನೆಯಿಂದ ದುಡಿಯುವವರು ವರ್ಷಕ್ಕೊಮ್ಮೆ ಕಂಪನಿಯ ಮುಖ್ಯ ಕಚೇರಿಗೆ ಹೋಗಿ ಬರುವುದು ಮಾಮೂಲಿ. ಎರಡು ವಾರ ಟೀಮಿನ ಜೊತೆ ಕೂತು ಕೆಲಸ, ಆಮೇಲೆ ವಾಪಸ್. "ಹದಿನಾಲ್ಕು ದಿನ ತಾನೇ, 183 ಎಲ್ಲಿ, 14 ಎಲ್ಲಿ" ಅನ್ನಿಸುತ್ತದೆ. ಆದರೆ ಸಂಬಳ ಕೊಡುವ ಕಂಪನಿ ಆ ದೇಶದ್ದೇ! ಹಾಗಾಗಿ ವಿನಾಯಿತಿ ಸಿಗುವುದಿಲ್ಲ. ಒಪ್ಪಂದ ಮಾದರಿಯ ಪ್ರಕಾರ ಮೊದಲ ದಿನದಿಂದಲೇ ಆ ಎರಡು ವಾರದ ಸಂಬಳಕ್ಕೆ ತೆರಿಗೆ ಕೇಳುವ ಹಕ್ಕು ಆ ದೇಶಕ್ಕಿದೆ. ಮನೆಯಲ್ಲೇ ಇದ್ದರೆ ಇಲ್ಲದ ತೆರಿಗೆ, ಆಫೀಸು ನೋಡಲು ಹೋದ ಕಾರಣಕ್ಕೆ ಹುಟ್ಟುತ್ತದೆ. ಟಿಕೆಟ್ ಬುಕ್ ಮಾಡುವ ಮೊದಲೇ ಕಂಪನಿಯನ್ನು ಇದರ ಬಗ್ಗೆ ಕೇಳಿ. ಆ ದಿನಗಳ ಕಡಿತವನ್ನು ಅವರೇ ನೋಡಿಕೊಳ್ಳುತ್ತಾರಾ, ಅದಕ್ಕೆ ಸರ್ಟಿಫಿಕೇಟ್ ಕೊಡುತ್ತಾರಾ ಎಂದು ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಇದರ ತಿರುಗುಮುರುಗು ಸನ್ನಿವೇಶವೂ ಇದೆ. ಲ್ಯಾಪ್‌ಟಾಪ್ ಹಿಡಿದು ಮೂರನೇ ದೇಶಕ್ಕೆ ಹೋಗಿ, ಅಕ್ಕನ ಮನೆಯಲ್ಲಿ ಎರಡು ತಿಂಗಳು ಕೂತು ಕೆಲಸ ಮಾಡುವುದು. ಅಲ್ಲಿ ಕಂಪನಿ ಇಲ್ಲದಿದ್ದರೆ, ನಿಮ್ಮ ದೇಶಕ್ಕೂ ಆ ದೇಶಕ್ಕೂ ಒಪ್ಪಂದ ಇದ್ದರೆ, ಈ ವಿನಾಯಿತಿ ಸಾಮಾನ್ಯವಾಗಿ ನಿಮಗೆ ಸಿಗುತ್ತದೆ. ಒಪ್ಪಂದ ಇಲ್ಲದಿದ್ದರೆ ಆ ದೇಶದ ಕಾನೂನೇ ಕೊನೆ ಮಾತು. ವೀಸಾದ ಪ್ರಶ್ನೆ ಬೇರೆಯೇ ಇದೆ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡಬಹುದು ಎಂದು ಸುಮ್ನೆ ಅಂದುಕೊಳ್ಳಬೇಡಿ.

ನೀವು ನೌಕರರಾ, ಕಾಂಟ್ರ್ಯಾಕ್ಟರಾ?

ವಿದೇಶಿ ಕಂಪನಿಗಳು ಮನೆಯಿಂದ ದುಡಿಯುವವರನ್ನು ಹೆಚ್ಚಾಗಿ ಕಾಂಟ್ರ್ಯಾಕ್ಟರ್ ಎಂದು ತೆಗೆದುಕೊಳ್ಳುತ್ತವೆ. ಕಾರಣ ಸರಳ. ನೌಕರ ಎಂದರೆ ನಿಮ್ಮ ದೇಶದಲ್ಲಿ ಅವರು ನೋಂದಣಿ ಮಾಡಿಸಬೇಕು, ತೆರಿಗೆ ಕಡಿತ ಮಾಡಬೇಕು, ಸಾಮಾಜಿಕ ಭದ್ರತೆಗೆ ತಮ್ಮ ಪಾಲು ಕಟ್ಟಬೇಕು. ಕಾಂಟ್ರ್ಯಾಕ್ಟರ್ ಆದರೆ ತಿಂಗಳಿಗೊಂದು ಇನ್‌ವಾಯ್ಸ್, ಅದಕ್ಕೆ ಹಣ, ಅಷ್ಟೇ.

ಕಾಂಟ್ರ್ಯಾಕ್ಟರ್ ಆದವರ ಆದಾಯವನ್ನು ಹೆಚ್ಚಿನ ದೇಶಗಳು ವೃತ್ತಿ ಅಥವಾ ವ್ಯಾಪಾರದ ಆದಾಯ ಎಂದು ನೋಡುತ್ತವೆ. ಇದರಲ್ಲಿ ಲಾಭವೂ ಇದೆ. ಕೆಲಸಕ್ಕೆಂದು ಕೊಂಡ ಕಂಪ್ಯೂಟರ್, ಇಂಟರ್ನೆಟ್ ಖರ್ಚು, ಮನೆಯಲ್ಲಿ ಕೆಲಸಕ್ಕೇ ಬಿಟ್ಟ ಕೋಣೆಯ ಪಾಲು, ಇವನ್ನು ಬಿಲ್ ಇಟ್ಟುಕೊಂಡು ಕಳೆಯಲು ಹಲವು ಕಡೆ ಅವಕಾಶವಿದೆ. ನಷ್ಟವೂ ಇದೆ. ಪಿಂಚಣಿ, ರಜೆಯ ಸಂಬಳ, ಆರೋಗ್ಯ ವಿಮೆ ಎಲ್ಲ ನಿಮ್ಮ ಜೇಬಿನಿಂದ. ಹೊರದೇಶಕ್ಕೆ ಸೇವೆ ಮಾರುವವರು ಕೆಲವು ದೇಶಗಳಲ್ಲಿ ಜಿಎಸ್‌ಟಿ ಅಥವಾ ವ್ಯಾಟ್ ನೋಂದಣಿಯನ್ನೂ ನೋಡಬೇಕು. ರಫ್ತಿಗೆ ತೆರಿಗೆ ಸೊನ್ನೆ ಇದ್ದರೂ ನೋಂದಣಿಯ ಕೆಲಸ ತಪ್ಪದಿರಬಹುದು.

ಕಾಗದದಲ್ಲಿ ಏನು ಬರೆದಿದೆ ಅನ್ನುವುದೇ ಕೊನೆಯಲ್ಲ. ಒಂದೇ ಕಂಪನಿಗೆ ಕೆಲಸ, ಅವರು ಹೇಳಿದ ಸಮಯ, ಅವರದೇ ಮ್ಯಾನೇಜರ್, ರಜೆಗೆ ಅವರ ಒಪ್ಪಿಗೆ. ಹೀಗಿದ್ದರೆ ಹೆಸರಿಗೆ ಕಾಂಟ್ರ್ಯಾಕ್ಟರ್, ನಿಜದಲ್ಲಿ ನೌಕರ ಎಂದು ತೆರಿಗೆ ಇಲಾಖೆ ಹೇಳಬಹುದು. ಇದು ಕಂಪನಿಗೆ ದುಬಾರಿ, ನಿಮಗೆ ಗೊಂದಲ. ಇದರಿಂದ ತಪ್ಪಿಸಿಕೊಳ್ಳಲು ಕೆಲವು ಕಂಪನಿಗಳು ನಿಮ್ಮ ದೇಶದಲ್ಲೇ ಇರುವ ಮಧ್ಯವರ್ತಿ ಸಂಸ್ಥೆಯ ಮೂಲಕ ನಿಮ್ಮನ್ನು ನೌಕರರನ್ನಾಗಿ ಇಟ್ಟುಕೊಳ್ಳುತ್ತವೆ. ಆ ಸಂಸ್ಥೆ ಸಂಬಳ ಕೊಟ್ಟು, ಕಡಿತ ಮಾಡಿ, ಪೇಸ್ಲಿಪ್ ಕೊಡುತ್ತದೆ. ಕೈಗೆ ಬರುವುದು ಸ್ವಲ್ಪ ಕಡಿಮೆಯಾದರೂ ನೆಮ್ಮದಿ ಜಾಸ್ತಿ. ಆಯ್ಕೆ ಇದ್ದರೆ ನಾನು ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಇಲ್ಲಿ ಕಂಪನಿಗೂ ಒಂದು ನಿಜವಾದ ಭಯವಿದೆ. ನಿಮ್ಮ ಮನೆಯನ್ನೇ ಅವರ ಖಾಯಂ ನೆಲೆ ಎಂದು ನಿಮ್ಮ ದೇಶ ಪರಿಗಣಿಸಿದರೆ, ಕಂಪನಿಯ ಲಾಭದ ಒಂದು ಭಾಗಕ್ಕೂ ಇಲ್ಲಿ ತೆರಿಗೆ ಬರುತ್ತದೆ. ಕೋವಿಡ್ ಕಾಲದಲ್ಲಿ ಲಕ್ಷಾಂತರ ಜನ ಗಡಿಯಾಚೆ ಮನೆಯಲ್ಲಿ ಸಿಕ್ಕಿಬಿದ್ದಾಗ ಈ ಪ್ರಶ್ನೆ ದೊಡ್ಡದಾಯಿತು. ಒಇಸಿಡಿ 2020ರ ಏಪ್ರಿಲ್‌ನಲ್ಲಿ ತಾತ್ಕಾಲಿಕ ಮಾರ್ಗದರ್ಶನ ಕೊಟ್ಟಿತು. 2025ರ ನವೆಂಬರ್‌ನಲ್ಲಿ ತನ್ನ ಮಾದರಿಯ ವಿವರಣೆಯನ್ನೇ ತಿದ್ದಿತು. ಈಗ ಅದು ಹೇಳುವುದು ಹೀಗೆ: 12 ತಿಂಗಳಲ್ಲಿ ಕೆಲಸದ ಸಮಯದ ಅರ್ಧಕ್ಕಿಂತ ಕಡಿಮೆ ಮನೆಯಿಂದ ಮಾಡಿದರೆ, ಮನೆ ಸಾಮಾನ್ಯವಾಗಿ ಕಂಪನಿಯ ನೆಲೆ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾದರೆ, ನೀವು ಆ ದೇಶದಲ್ಲೇ ಇರಲು ವ್ಯಾಪಾರದ ಕಾರಣ ಇದೆಯಾ ಎಂದು ನೋಡಬೇಕು. ಅಲ್ಲಿನ ಗ್ರಾಹಕರನ್ನು ಭೇಟಿ ಮಾಡುವುದು ಅಂತಹ ಒಂದು ಕಾರಣ. ನಿಮ್ಮ ಇಷ್ಟಕ್ಕೆ ಮನೆಯಲ್ಲಿ ಇದ್ದೀರಿ ಅನ್ನುವುದು ವ್ಯಾಪಾರದ ಕಾರಣವಲ್ಲ. ಕೆಲವು ಕಂಪನಿಗಳು ಮನೆಯಿಂದ ಕೆಲಸ ಮಾಡುವವರಿಗೆ ಕಂಪನಿಯ ಪರವಾಗಿ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಕೊಡುವುದಿಲ್ಲ. ಅದಕ್ಕೂ ಕಾರಣ ಇದೇ ಭಯ.

ಯುರೋಪಿನಲ್ಲಿ ಗಡಿ ದಾಟಿ ಕೆಲಸಕ್ಕೆ ಹೋಗುವವರು ಬಹಳ. ಅಲ್ಲಿ ಇದಕ್ಕೆ ಲೆಕ್ಕ ಹಾಕಿ ದಾರಿ ಮಾಡಿಕೊಂಡಿದ್ದಾರೆ. ಫ್ರಾನ್ಸಿನಲ್ಲಿ ವಾಸ, ಸ್ವಿಟ್ಜರ್ಲೆಂಡಿನಲ್ಲಿ ನೌಕರಿ ಇರುವವರು ಕೆಲಸದ ಸಮಯದ ಶೇ 40ರವರೆಗೆ ಮನೆಯಿಂದ ಮಾಡಿದರೂ ತೆರಿಗೆಯ ಪಾಲು ಬದಲಾಗದಂತೆ ಎರಡು ದೇಶಗಳೂ ಒಪ್ಪಿಕೊಂಡಿವೆ. ಲಕ್ಸೆಂಬರ್ಗ್ ತನ್ನ ಮೂರೂ ನೆರೆ ದೇಶಗಳ ಜೊತೆ ವರ್ಷಕ್ಕೆ 34 ದಿನದ ರಿಯಾಯಿತಿ ಮಾಡಿಕೊಂಡಿದೆ. ಸಾಮಾಜಿಕ ಭದ್ರತೆಗೆ ಬೇರೆಯದೇ ಒಪ್ಪಂದವಿದೆ. 2023ರ ಜುಲೈ 1ರಿಂದ ಜಾರಿಯಾದ ಅದಕ್ಕೆ ಸಹಿ ಹಾಕಿದ ದೇಶಗಳ ನಡುವೆ, ಮನೆಯಿಂದ ಮಾಡುವ ಕೆಲಸದ ಪಾಲು ಶೇ 50ಕ್ಕಿಂತ ಕಡಿಮೆ ಇದ್ದರೆ ಕಂಪನಿ ಇರುವ ದೇಶದ ವ್ಯವಸ್ಥೆಯಲ್ಲೇ ಉಳಿಯಬಹುದು. ಒಂದೇ ಮನುಷ್ಯನಿಗೆ ತೆರಿಗೆಗೊಂದು ಗಡಿ, ಪಿಂಚಣಿಗೊಂದು ಗಡಿ. ಇಷ್ಟು ಹತ್ತಿರದ ದೇಶಗಳಿಗೇ ಇಷ್ಟು ಲೆಕ್ಕ ಬೇಕಾದರೆ, ಸಾಗರದಾಚೆಯ ಕಂಪನಿಗೆ ದುಡಿಯುವವರು ಗಾಬರಿಯಾಗುವುದರಲ್ಲಿ ತಪ್ಪೇನೂ ಇಲ್ಲ.

ತಪ್ಪು ದೇಶದಲ್ಲಿ ಕಡಿತವಾದರೆ

ನನಗೆ ಇಡೀ ವಿಷಯದಲ್ಲಿ ಜಾಸ್ತಿ ಕಾಡುವುದು ಇದು. ಕಂಪನಿಯ ಪೇರೋಲ್ ವಿಭಾಗಕ್ಕೆ ಗೊತ್ತಿಲ್ಲದೆ ಅಲ್ಲಿನ ನೌಕರರಿಗೆ ಮಾಡಿದಂತೆ ನಿಮಗೂ ಕಡಿತ ಮಾಡಿಬಿಡುತ್ತಾರೆ. "ಹೇಗೂ ತೆರಿಗೆ ಹೋಯಿತಲ್ಲ, ಇಲ್ಲಿ ಕ್ರೆಡಿಟ್ ತೆಗೆದುಕೊಂಡರಾಯಿತು" ಎಂದು ನೀವು ಸುಮ್ಮನಿರುತ್ತೀರಿ.

ಕ್ರೆಡಿಟ್, ಅಂದರೆ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳುವುದು, ಅಷ್ಟು ಸುಲಭವಲ್ಲ. ಅದರ ಲೆಕ್ಕ ಹೀಗೆ. ಒಂದು ಆದಾಯಕ್ಕೆ ಆ ದೇಶ ಸರಿಯಾಗಿ 15 ಪಾಲು ತೆರಿಗೆ ಹಿಡಿದಿದೆ, ನಿಮ್ಮ ದೇಶದಲ್ಲಿ ಅದಕ್ಕೆ 20 ಪಾಲು ಬರುತ್ತದೆ ಎಂದುಕೊಳ್ಳಿ. ಆಗ ಇಲ್ಲಿ 5 ಕಟ್ಟಿದರೆ ಸಾಕು. ಅಲ್ಲಿ 30 ಹಿಡಿದಿದ್ದರೆ, ಇಲ್ಲಿ 20ರವರೆಗೆ ಮಾತ್ರ ಕ್ರೆಡಿಟ್. ಉಳಿದ 10 ವಾಪಸ್ ಬರುವುದಿಲ್ಲ. ಇದು ಎಲ್ಲವೂ ಸರಿಯಾಗಿದ್ದಾಗಿನ ಲೆಕ್ಕ. ಒಪ್ಪಂದದ ಪ್ರಕಾರ ಆ ದೇಶಕ್ಕೆ ತೆರಿಗೆ ಹಿಡಿಯುವ ಹಕ್ಕೇ ಇರಲಿಲ್ಲ ಎಂದಾದರೆ, ನಿಮ್ಮ ದೇಶ ಕ್ರೆಡಿಟ್ ಕೊಡಲು ಒಪ್ಪದಿರಬಹುದು. "ಅವರು ತಪ್ಪಾಗಿ ಹಿಡಿದಿದ್ದಾರೆ, ಅವರ ಹತ್ತಿರವೇ ವಾಪಸ್ ಕೇಳಿ" ಎನ್ನುತ್ತದೆ. ಆಗ ಇಲ್ಲಿ ಪೂರ್ತಿ ಕಟ್ಟಬೇಕು, ಅಲ್ಲಿ ರಿಟರ್ನ್ಸ್ ಸಲ್ಲಿಸಿ ರೀಫಂಡ್‌ಗೆ ಕಾಯಬೇಕು. ಅದಕ್ಕೆ ಕೊನೆ ದಿನಾಂಕಗಳೂ ಇರುತ್ತವೆ.

ಹಾಗಾಗಿ ಮೊದಲ ಪೇಸ್ಲಿಪ್ ಬಂದ ದಿನವೇ ಅದರ ಪ್ರತಿ ಸಾಲನ್ನೂ ನೋಡಿ. ಬೇರೆ ದೇಶದ ಆದಾಯ ತೆರಿಗೆ ಕಾಣಿಸಿದರೆ ಅವತ್ತೇ ಪತ್ರ ಬರೆಯಿರಿ. ಜೊತೆಗೆ ನಿಮ್ಮ ದೇಶದ ತೆರಿಗೆ ಇಲಾಖೆಯಿಂದ ಪಡೆದ ನಿವಾಸಿ ಪ್ರಮಾಣಪತ್ರ ಕಳುಹಿಸಿ. ಒಪ್ಪಂದದ ರಕ್ಷಣೆ ಕೇಳುವವರಿಗೆ ಅದು ಮುಖ್ಯ ದಾಖಲೆ. ಮೊದಲ ತಿಂಗಳಲ್ಲಿ ಒಂದು ಮೇಲ್‌ನಲ್ಲಿ ಮುಗಿಯುವ ಕೆಲಸ, ವರ್ಷ ಕಳೆದ ಮೇಲೆ ಎರಡು ದೇಶಗಳ ಇಲಾಖೆಗಳ ನಡುವಿನ ಓಡಾಟವಾಗುತ್ತದೆ.

ಕಡಿತವೇ ಇಲ್ಲದವರಿಗೆ ಸಮಸ್ಯೆ ಇನ್ನೊಂದು ಬಗೆಯದು: ಕಂತು. ಹೆಚ್ಚಿನ ದೇಶಗಳು ವರ್ಷದ ಕೊನೆಯವರೆಗೆ ಕಾಯುವುದಿಲ್ಲ. ಅಮೆರಿಕದಲ್ಲಿ ಏಪ್ರಿಲ್, ಜೂನ್, ಸೆಪ್ಟೆಂಬರ್ ಮತ್ತು ಮರುವರ್ಷದ ಜನವರಿ 15ಕ್ಕೆ ಕಟ್ಟಬೇಕು. ಭಾರತದಲ್ಲಿ ಮುಂಗಡ ತೆರಿಗೆಯ ದಿನಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15. ಬ್ರಿಟನ್ನಿನಲ್ಲಿ ಜನವರಿ 31 ಮತ್ತು ಜುಲೈ 31. ತಪ್ಪಿಸಿದರೆ ಬಡ್ಡಿ. ನನಗೆ ಬಿದ್ದದ್ದೂ ಇದೇ ಬಡ್ಡಿ. ಅದಾದ ಮೇಲೆ ನಾನು ಒಂದು ಬೇರೆ ಖಾತೆ ತೆರೆದೆ. ಸಂಬಳ ಬಂದ ದಿನವೇ ತೆರಿಗೆಯ ಪಾಲು ಅಲ್ಲಿಗೆ ಹೋಗುತ್ತದೆ. ಅದನ್ನು ನನ್ನ ಹಣ ಎಂದು ಎಣಿಸುವುದೇ ಇಲ್ಲ.

ಕಂಪನಿ ಷೇರು ಕೊಡುವುದಿದ್ದರೆ ಇನ್ನೂ ಎಚ್ಚರ. ಹಲವು ದೇಶಗಳಲ್ಲಿ ಷೇರು ನಿಮ್ಮ ಹೆಸರಿಗೆ ಬಂದ ದಿನವೇ ಅದರ ಬೆಲೆ ಸಂಬಳ ಎಂದಾಗುತ್ತದೆ. ಕೈಗೆ ಹಣ ಬಂದಿರುವುದಿಲ್ಲ, ತೆರಿಗೆ ಮಾತ್ರ ಹುಟ್ಟಿರುತ್ತದೆ. ವಿದೇಶಿ ಹಣವನ್ನು ಯಾವ ದಿನದ ದರದಲ್ಲಿ ಲೆಕ್ಕ ಹಾಕಬೇಕು ಅನ್ನುವುದಕ್ಕೂ ಒಂದೊಂದು ದೇಶಕ್ಕೆ ಒಂದೊಂದು ನಿಯಮ. ಬ್ಯಾಂಕು ಕೊಟ್ಟ ದರವೇ ಸರಿ ಎಂದುಕೊಳ್ಳಬೇಡಿ.

"ಇದೆಲ್ಲ ಯಾರಿಗೆ ಗೊತ್ತಾಗುತ್ತದೆ" ಎಂದು ಕೇಳುವವರಿದ್ದಾರೆ. ಗೊತ್ತಾಗುತ್ತದೆ. ಬ್ಯಾಂಕ್ ಖಾತೆಗಳ ಮಾಹಿತಿಯನ್ನು ದೇಶಗಳು ತಾವಾಗಿಯೇ ಹಂಚಿಕೊಳ್ಳುವ ಒಇಸಿಡಿ ವ್ಯವಸ್ಥೆ 2014ರಲ್ಲಿ ರೂಪುಗೊಂಡು, 2017ರಿಂದ ನಡೆಯುತ್ತಿದೆ. ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳು ಅದರಲ್ಲಿವೆ. ಸಂಬಳವನ್ನು ವಿದೇಶದ ಖಾತೆಯಲ್ಲೇ ಬಿಟ್ಟರೆ ತೆರಿಗೆ ಇಲ್ಲ ಅನ್ನುವ ಲೆಕ್ಕ ಹೆಚ್ಚಿನ ಕಡೆ ಕಾನೂನಿನ ಪ್ರಕಾರವೂ ತಪ್ಪು.

ಹೊಸ ಕೆಲಸದ ಆಫರ್ ಕೈಯಲ್ಲಿ ಹಿಡಿದಿರುವವರು ಸಹಿ ಹಾಕುವ ಮೊದಲು ಕಂಪನಿಯನ್ನು ಇಷ್ಟು ಕೇಳಿ: ನನ್ನನ್ನು ನೌಕರ ಎಂದು ತೆಗೆದುಕೊಳ್ಳುತ್ತೀರಾ, ಕಾಂಟ್ರ್ಯಾಕ್ಟರ್ ಎಂದಾ? ಯಾವ ದೇಶದಲ್ಲಿ ಏನು ಕಡಿತ ಮಾಡುತ್ತೀರಿ? ಮುಖ್ಯ ಕಚೇರಿಗೆ ಕರೆಸಿದರೆ ಆ ದಿನಗಳ ತೆರಿಗೆ ಯಾರ ಹೊಣೆ? ತಪ್ಪಾಗಿ ಕಡಿತವಾದರೆ ಸರಿಪಡಿಸುವುದು ಯಾರು? ಜೊತೆಗೆ ಇವತ್ತಿನಿಂದಲೇ ಒಂದು ಪುಟ್ಟ ಡೈರಿ ಇಡಿ. ಯಾವ ದಿನ ಯಾವ ದೇಶದಲ್ಲಿದ್ದೆ, ಅಂದು ಕೆಲಸ ಮಾಡಿದೆನಾ, ಅಷ್ಟೇ ಬರೆಯಿರಿ. ಬೋರ್ಡಿಂಗ್ ಪಾಸುಗಳನ್ನು ಎಸೆಯಬೇಡಿ. ಮೂರು ವರ್ಷದ ನಂತರ ಇಲಾಖೆಯಿಂದ ಪತ್ರ ಬಂದಾಗ ಕೇಳುವುದು ಆ ದಿನಗಳನ್ನೇ.